ಬರ್ಲಿನ್ ಸ್ಟಾರ್ಟಪ್‌ನಲ್ಲಿ ಸೆಕ್ಯುರಿಟಿ ಲೀಡ್: ಸಹಿ ಹಾಕುವ ಮೊದಲು ಇಷ್ಟು ತಿಳಿದಿರಲಿ

ನೀವು ಕೇಳಿದ್ದು ಇಷ್ಟು. ಬರ್ಲಿನ್‌ನ ಒಂದು ಸ್ಟಾರ್ಟಪ್ ನಿಮ್ಮನ್ನು ಇನ್ಫರ್ಮೇಶನ್ ಸೆಕ್ಯುರಿಟಿ ಲೀಡ್, ಅಂದರೆ ಕಂಪನಿಯ ಮಾಹಿತಿ ಮತ್ತು ಕಂಪ್ಯೂಟರ್‌ಗಳ ಸುರಕ್ಷತೆ ನೋಡಿಕೊಳ್ಳುವ ಕೆಲಸಕ್ಕೆ ಕರೆದಿದೆ. ಕಂಪನಿಯಲ್ಲಿ ಈಗ ನಲವತ್ತು ಜನ, ಮುಂದಿನ ವರ್ಷ ನೂರಾಗಬಹುದು. ಸೆಕ್ಯುರಿಟಿಗೆ ಅಂತ ಬರುತ್ತಿರುವವರು ನೀವೇ ಮೊದಲು. ಕೆಲಸ ಹೇಗಿರುತ್ತದೆ, ಬದುಕು ಹೇಗಿರುತ್ತದೆ, ಬರಬಹುದಾ?

ಬರಬಹುದು. ನಾನು ಇಲ್ಲಿ ಇದೇ ಕೆಲಸದಲ್ಲಿ ಬಹಳ ವರ್ಷದಿಂದ ಇದ್ದೇನೆ, ಇವತ್ತಿಗೂ ಇಷ್ಟಪಟ್ಟೇ ಮಾಡುತ್ತೇನೆ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಫೈರ್‌ವಾಲ್, ಕ್ಲೌಡ್, ಲಾಗ್ ಎಲ್ಲ ನಿಮಗೆ ಗೊತ್ತಿರುವುದೇ. ಹೊಸದು ಯಾವುದು ಗೊತ್ತಾ? ಇಲ್ಲಿ ಜನರ ಒಪ್ಪಿಗೆ ಪಡೆಯುವುದೇ ಈ ಕೆಲಸದ ಅರ್ಧ ಭಾಗ. ಅದನ್ನು ಅಡ್ಡಿ ಅಂದುಕೊಂಡು ಬಂದವರು ಬೇಗ ಬೇಸತ್ತು ಹೋಗುತ್ತಾರೆ.

ಜರ್ಮನಿಯಲ್ಲಿ ಐದು ಜನ ಕಾಯಂ ನೌಕರರಿದ್ದರೆ ಸಾಕು, ಅವರು ತಮ್ಮದೇ ನೌಕರರ ಮಂಡಳಿ ಆರಿಸಿಕೊಳ್ಳಬಹುದು. ಬೆಟ್ರೀಬ್ಸ್‌ರಾಟ್ ಅಂತ ಹೆಸರು. ಆರಿಸಲೇಬೇಕು ಅಂತಿಲ್ಲ, ಚಿಕ್ಕ ಸ್ಟಾರ್ಟಪ್‌ಗಳಲ್ಲಿ ಎಷ್ಟೋ ಕಡೆ ಇರುವುದಿಲ್ಲ. ಆದರೆ ಕಂಪನಿ ಬೆಳೆಯುತ್ತಾ ಹೋದಂತೆ ಹುಟ್ಟಿಕೊಳ್ಳಬಹುದು. ಮಂಡಳಿ ಇದ್ದರೆ, ನೌಕರರ ನಡವಳಿಕೆ ಅಥವಾ ಕೆಲಸವನ್ನು ಗಮನಿಸಲು ಸಾಧ್ಯವಿರುವ ಯಾವ ತಂತ್ರಾಂಶ ತರುವುದಿದ್ದರೂ ಅದರ ಒಪ್ಪಿಗೆ ಬೇಕು. ಗಮನಿಸುವ ಉದ್ದೇಶವೇ ನಿಮಗಿಲ್ಲದಿರಬಹುದು, ಸಾಧ್ಯತೆ ಇದ್ದರೂ ಸಾಕು ಅನ್ನುತ್ತವೆ ಇಲ್ಲಿನ ಕಾರ್ಮಿಕ ನ್ಯಾಯಾಲಯಗಳು. ಯೋಚಿಸಿ ನೋಡಿ, ನಮ್ಮ ಕೆಲಸದಲ್ಲಿ ಯಾವ ಟೂಲ್ ಈ ಮಾತಿನೊಳಗೆ ಬರುವುದಿಲ್ಲ? ಲ್ಯಾಪ್‌ಟಾಪ್‌ನಲ್ಲಿ ಅನುಮಾನದ ಚಟುವಟಿಕೆ ಹಿಡಿಯುವ ಇಡಿಆರ್ ತಂತ್ರಾಂಶ, ಲಾಗಿನ್ ದಾಖಲೆ, ಮೇಲ್ ಫಿಲ್ಟರ್, ಎಲ್ಲವೂ ಬರುತ್ತವೆ.

ನಮ್ಮಲ್ಲಿ ಫಿಶಿಂಗ್ ಪರೀಕ್ಷೆ, ಅಂದರೆ ನಾವೇ ಮೋಸದ ಮೇಲ್ ಕಳಿಸಿ ಜನ ಎಚ್ಚರವಾಗಿದ್ದಾರಾ ಅಂತ ನೋಡುವ ಪರೀಕ್ಷೆ, ನಡೆಸಲು ಹೊರಟಾಗ ಮಂಡಳಿ ಒಂದೇ ಷರತ್ತು ಹಾಕಿತು. ಯಾರು ಲಿಂಕ್ ಒತ್ತಿದರು ಅನ್ನುವ ಹೆಸರು ನನಗೂ ಕಾಣಬಾರದು, ಮ್ಯಾನೇಜರ್‌ಗೂ ಕಾಣಬಾರದು. ಲೆಕ್ಕ ಮಾತ್ರ ಸಿಗಬೇಕು. ನಾವು ಒಪ್ಪಿದೆವು, ಬರೆದಿಟ್ಟೆವು, ಎಲ್ಲರಿಗೂ ಓದಿ ಹೇಳಿದೆವು. ಆಮೇಲೆ ಆದದ್ದು ನನಗೆ ತುಂಬಾ ಸಂತೋಷ ಕೊಟ್ಟಿತು. ಜನ ತಾವಾಗಿಯೇ ಬಂದು, "ಈ ಮೇಲ್ ಸರಿ ಅನ್ನಿಸ್ತಿಲ್ಲ, ಸ್ವಲ್ಪ ನೋಡ್ತೀರಾ?" ಅಂತ ಕೇಳತೊಡಗಿದರು. ಲಿಂಕ್ ಒತ್ತಿದವರೂ ತಕ್ಷಣ ಹೇಳುತ್ತಿದ್ದರು. ಹೆಸರು ಹಿಡಿದು ಬೈಯುವ ಕಡೆ ಹೀಗೆ ಆಗುವುದಿಲ್ಲ. ಅಲ್ಲಿ ಜನ ಮುಚ್ಚಿಡುತ್ತಾರೆ, ನಮಗೆ ವಿಷಯ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ಬೆಳೆಯುವ ಕಂಪನಿ ಅಂದಿರಲ್ಲ, ಜನರ ಸಂಖ್ಯೆ ಏರಿದಂತೆ ಕಾನೂನೂ ಬದಲಾಗುತ್ತದೆ. ವೈಯಕ್ತಿಕ ಮಾಹಿತಿಯನ್ನು ಕಂಪ್ಯೂಟರ್‌ನಲ್ಲಿ ಸದಾ ನಿಭಾಯಿಸುವವರು 20 ಜನ ಆದರೆ, ಆ ಮಾಹಿತಿಯನ್ನು ನಿಯಮದಂತೆ ಬಳಸುತ್ತಿದ್ದಾರಾ ಅಂತ ನೋಡುವ ಡೇಟಾ ಪ್ರೊಟೆಕ್ಷನ್ ಆಫೀಸರ್ ಬೇಕೇಬೇಕು. "ನೀವೇ ಅದನ್ನೂ ನೋಡಿಕೊಳ್ಳಿ" ಅಂದರೆ ದಯವಿಟ್ಟು ಒಪ್ಪಬೇಡಿ. ಸಿಸ್ಟಮ್ ಹೇಗಿರಬೇಕು ಅಂತ ನಿರ್ಧರಿಸುವವರೇ ಅದನ್ನು ಪರಿಶೀಲಿಸುವವರಾಗಬಾರದು, ಯುರೋಪಿನ ಡೇಟಾ ಸಂರಕ್ಷಣಾ ಕಾನೂನಾದ ಜಿಡಿಪಿಆರ್ ಅಂಥ ಹಿತಾಸಕ್ತಿಯ ಸಂಘರ್ಷಕ್ಕೆ ಅವಕಾಶ ಕೊಡುವುದಿಲ್ಲ. ಇನ್ನು 50 ಜನ ಆದಾಗ, ಕಂಪನಿ ಯಾವ ಕ್ಷೇತ್ರದಲ್ಲಿದೆ ಅನ್ನುವುದನ್ನು ನೋಡಿಕೊಂಡು ಯುರೋಪಿನ ಸೈಬರ್ ಭದ್ರತೆಯ ನಿಸ್2 ನಿಯಮಗಳು ಅನ್ವಯವಾಗಬಹುದು. ಅದರಲ್ಲಿ ದೊಡ್ಡ ಘಟನೆ ನಡೆದರೆ ಮೊದಲ ಸೂಚನೆ 24 ಗಂಟೆಯೊಳಗೆ ಸರ್ಕಾರಕ್ಕೆ ಹೋಗಬೇಕು. ನಲವತ್ತರಿಂದ ನೂರಕ್ಕೆ ಹೋಗುವ ನಿಮ್ಮ ಕಂಪನಿ ಈ ಗೆರೆಯನ್ನು ನೀವು ಕುರ್ಚಿಯಲ್ಲಿರುವಾಗಲೇ ದಾಟುತ್ತದೆ.

ಸೇಲ್ಸ್ ತಂಡದ ವಿಷಯ. ನಿಮ್ಮಲ್ಲಿ ಮಾಹಿತಿ ಸುರಕ್ಷಿತವಾಗಿದೆ ಅನ್ನುವುದಕ್ಕೆ ಹೊರಗಿನವರು ಪರಿಶೀಲಿಸಿ ಕೊಟ್ಟ ಪುರಾವೆ ಬೇಕು ಅನ್ನುತ್ತಾರೆ ಗ್ರಾಹಕರು. ದೊಡ್ಡವರು ಐಎಸ್‌ಒ 27001 ಸರ್ಟಿಫಿಕೇಟ್ ಕೇಳುತ್ತಾರೆ, ಕಾರು ಕಂಪನಿಗಳಾದರೆ ಟಿಸ್ಯಾಕ್ಸ್ ಕೇಳುತ್ತವೆ, ಅಮೆರಿಕದವರಾದರೆ ಸಾಕ್ 2. ಮೂರನ್ನೂ ಒಟ್ಟಿಗೆ ಹಿಡಿಯಬೇಡಿ. ಯಾರು ಹಣ ಕೊಡುತ್ತಾರೋ ಅವರು ಕೇಳಿದ್ದನ್ನು ಮೊದಲು ಮಾಡಿ. ಐಎಸ್‌ಒ 2022ರ ಆವೃತ್ತಿಯಲ್ಲಿ 93 ಕಂಟ್ರೋಲ್‌ಗಳು, ಅಂದರೆ ಸುರಕ್ಷತಾ ಕ್ರಮಗಳು ಇವೆ, ಸರ್ಟಿಫಿಕೇಟ್ ಮೂರು ವರ್ಷ ನಡೆಯುತ್ತದೆ, ನಡುವೆ ಪ್ರತಿ ವರ್ಷ ಆಡಿಟ್ ಇರುತ್ತದೆ. ಹಾಗಾಗಿ ಸುಮ್ನೆ ಚೆಂದದ ಪಾಲಿಸಿ ಬರೆದು ಇಡುವುದರಿಂದ ಪ್ರಯೋಜನವಿಲ್ಲ, ಮುಂದಿನ ವರ್ಷ ಆಡಿಟರ್ ಬಂದು ದಾಖಲೆ ತೋರಿಸಿ ಅನ್ನುತ್ತಾರೆ. ಬಂದ ಹೊಸದರಲ್ಲಿ ನಾನಾದರೆ ಇದಕ್ಕಿಂತ ಮೊದಲು ಬೇರೆ ಮೂರು ಪ್ರಶ್ನೆ ಕೇಳುತ್ತೇನೆ. ಕೆಲಸ ಬಿಟ್ಟು ಹೋದವರ ಅಕೌಂಟ್‌ಗಳು ಮುಚ್ಚಿವೆಯಾ? ಕ್ಲೌಡ್‌ನಲ್ಲಿ ಅಡ್ಮಿನ್ ಅಧಿಕಾರ ಯಾರ್‍ಯಾರಿಗಿದೆ? ಬ್ಯಾಕಪ್‌ನಿಂದ ನಿಜವಾಗಿ ಡೇಟಾ ವಾಪಸ್ ತಂದು ನೋಡಿದ್ದಾರಾ? ಸ್ಟಾರ್ಟಪ್‌ಗಳಲ್ಲಿ ಅಪಾಯ ಜಾಸ್ತಿ ಇರುವುದು ಈ ಮೂರು ಕಡೆಯಲ್ಲೇ.

ವೈಯಕ್ತಿಕ ಮಾಹಿತಿ ಸೋರಿಕೆಯಾಗಿ ಜನರಿಗೆ ತೊಂದರೆ ಆಗುವ ಸಂಭವವಿದ್ದರೆ, ಕಂಪನಿಗೆ ಗೊತ್ತಾದ 72 ಗಂಟೆಯೊಳಗೆ ಡೇಟಾ ಸಂರಕ್ಷಣಾ ಪ್ರಾಧಿಕಾರಕ್ಕೆ ತಿಳಿಸಬೇಕು. ಶನಿವಾರ, ಭಾನುವಾರವೂ ಆ ಲೆಕ್ಕದಲ್ಲಿ ಸೇರುತ್ತವೆ. ಇನ್ನೊಂದು ಕಡೆ, ಒಂದು ದಿನದ ಕೆಲಸ ಮುಗಿದ ಮೇಲೆ ನೌಕರರಿಗೆ 11 ಗಂಟೆ ವಿಶ್ರಾಂತಿ ಸಿಗಲೇಬೇಕು ಅನ್ನುತ್ತದೆ ಇಲ್ಲಿನ ಕೆಲಸದ ಸಮಯದ ಕಾನೂನು. ಒಬ್ಬರೇ ಇರುವ ಸೆಕ್ಯುರಿಟಿ ತಂಡ ಈ ಎರಡನ್ನೂ ಪಾಲಿಸುವುದು ಹೇಗೆ? ಆಗುವುದಿಲ್ಲ. ಅದಕ್ಕೇ ಮೊದಲ ವಾರವೇ ಇಬ್ಬರು ಎಂಜಿನಿಯರ್‌ಗಳನ್ನು ಜೊತೆಗೆ ಸೇರಿಸಿಕೊಂಡು ಆನ್‌ಕಾಲ್ ಸರದಿ, ಅಂದರೆ ತುರ್ತು ಕರೆ ಬಂದರೆ ಯಾರು ಎತ್ತಬೇಕು ಅನ್ನುವ ಪಾಳಿ, ಮಾಡಿಸಿ. ಇದನ್ನು ಹಟ ಹಿಡಿದು ಮಾಡಿಸಿ. ರಾತ್ರಿಯೆಲ್ಲ ಫೋನ್ ಹಿಡಿದು ಕೂರುವ ಲೀಡ್‌ಗೆ ಇಲ್ಲಿ ಯಾರೂ ಶಹಬ್ಬಾಸ್ ಅನ್ನುವುದಿಲ್ಲ, ಮನೆಯವರೂ ಅನ್ನುವುದಿಲ್ಲ.

ಒಂದು ಎಚ್ಚರಿಕೆ. ಬೇರೆಯವರ ಸಿಸ್ಟಮ್ ಅನ್ನು ಅನುಮತಿ ಇಲ್ಲದೆ ಪರೀಕ್ಷಿಸಬೇಡಿ, ಒಳ್ಳೆಯ ಮನಸ್ಸಿನಿಂದಲೂ ಬೇಡ. ಒಬ್ಬ ಪ್ರೋಗ್ರಾಮರ್ ಒಂದು ತಂತ್ರಾಂಶದಲ್ಲಿ ಪಾಸ್‌ವರ್ಡ್ ಹಾಗೇ ಬಿದ್ದಿರುವುದನ್ನು ಕಂಡು, ಅದರಿಂದ ಡೇಟಾಬೇಸ್ ತೆರೆದು ನೋಡಿ, ದೋಷ ಬಯಲಿಗೆ ತಂದಿದ್ದರು. 2024ರಲ್ಲಿ ಯೂಲಿಷ್ ಊರಿನ ನ್ಯಾಯಾಲಯ ಅವರಿಗೇ 3,000 ಯೂರೋ ದಂಡ ಹಾಕಿತು. ನನಗೆ ಆ ತೀರ್ಪು ಸರಿ ಅನ್ನಿಸುವುದಿಲ್ಲ. ಆದರೆ ಕಾನೂನು ಬದಲಾಗುವವರೆಗೆ ಪೆನ್‌ಟೆಸ್ಟ್‌ಗೆ, ಅಂದರೆ ದೋಷ ಹುಡುಕಲು ಸಿಸ್ಟಮ್‌ಗೆ ನುಗ್ಗಿ ನೋಡುವ ಪರೀಕ್ಷೆಗೆ ಮೊದಲು, ಲಿಖಿತ ಅನುಮತಿ ಕೈಯಲ್ಲಿರಲಿ.

ಇನ್ನು ನಿಮ್ಮ ಸ್ವಂತ ಭದ್ರತೆ. ಪ್ರೊಬೇಷನ್ ಸಾಮಾನ್ಯವಾಗಿ ಆರು ತಿಂಗಳು, ಆಗ ಎರಡು ವಾರದ ನೋಟಿಸ್ ಕೊಟ್ಟು ಕಳಿಸಬಹುದು. ಆ ಆರು ತಿಂಗಳು ದಾಟಿದ ಮೇಲೆ, ಹತ್ತಕ್ಕಿಂತ ಹೆಚ್ಚು ಜನರಿರುವ ಕಂಪನಿ ಸರಿಯಾದ ಕಾರಣವಿಲ್ಲದೆ ತೆಗೆಯುವಂತಿಲ್ಲ. ಸ್ಟಾರ್ಟಪ್ ದಿವಾಳಿಯಾದರೆ ಬಾಕಿ ಉಳಿದ ಮೂರು ತಿಂಗಳವರೆಗಿನ ಸಂಬಳ ಸರ್ಕಾರಿ ಉದ್ಯೋಗ ಸಂಸ್ಥೆಯಿಂದ ಸಿಗುತ್ತದೆ, ಆದರೆ ಎರಡು ತಿಂಗಳೊಳಗೆ ಅರ್ಜಿ ಹಾಕಬೇಕು. ಬ್ಲೂ ಕಾರ್ಡ್‌ನಲ್ಲಿ, ಅಂದರೆ ಪರಿಣಿತರಿಗೆ ಕೊಡುವ ಯುರೋಪಿನ ಕೆಲಸ ಮತ್ತು ವಾಸದ ಪರವಾನಗಿಯಲ್ಲಿ ಬಂದರೆ ಮೊದಲ 12 ತಿಂಗಳಲ್ಲಿ ಕೆಲಸ ಬದಲಿಸುವಾಗ ವಲಸೆ ಕಚೇರಿಗೆ ತಿಳಿಸಬೇಕು. ನಿಮ್ಮ ಸಂಗಾತಿಗೂ ಕೆಲಸ ಮಾಡುವ ಹಕ್ಕು ಬಂದ ದಿನದಿಂದಲೇ ಇರುತ್ತದೆ. ನೀವು ಜರ್ಮನ್ ಅನ್ನು ಮಧ್ಯಮ ಹಂತದ ಬಿ1 ಮಟ್ಟಕ್ಕೆ ಕಲಿತರೆ ಕಾಯಂ ವಾಸದ ಪರವಾನಗಿ 21 ತಿಂಗಳಲ್ಲೇ ಸಿಗಬಹುದು, ಆರಂಭಿಕ ಎ1 ಮಟ್ಟ ಮಾತ್ರ ಇದ್ದರೆ 27. ಕಲಿಯಿರಿ. ಆಫೀಸಿನಲ್ಲಿ ಇಂಗ್ಲಿಷ್ ಸಾಕು, ನಿಜ. ಆದರೆ ಮಂಡಳಿಯೊಂದಿಗಿನ ಒಪ್ಪಂದ, ಪ್ರಾಧಿಕಾರದ ಪತ್ರ ಜರ್ಮನ್‌ನಲ್ಲೇ ಇರುತ್ತವೆ. ಅವನ್ನು ಬೇರೆಯವರಿಂದ ಓದಿಸಿಕೊಂಡು ಸೆಕ್ಯುರಿಟಿ ನಡೆಸುವುದು ಕಷ್ಟ.

ಸಹಿ ಹಾಕುವ ಮೊದಲು ಸಿಇಒ ಜೊತೆ ಒಮ್ಮೆ ಮಾತಾಡಿ. ಗ್ರಾಹಕರಿಗೆ ಕೊಟ್ಟ ಗಡುವು ಹತ್ತಿರ ಬಂದಿದೆ, ರಿಲೀಸ್‌ನಲ್ಲಿ ದೊಡ್ಡ ದೋಷ ಸಿಕ್ಕಿದೆ. ಆಗ ರಿಲೀಸ್ ತಡೆಯುವ ಅಧಿಕಾರ ನನಗಿದೆಯಾ, ಅಪಾಯ ಒಪ್ಪಿಕೊಂಡು ಮುಂದೆ ಹೋಗುವುದಾದರೆ ಅದಕ್ಕೆ ಸಹಿ ಹಾಕುವವರು ಯಾರು? ಹೀಗೇ ಕೇಳಿ. ಉತ್ತರ ತಡವರಿಸಿದರೆ ಇನ್ನೊಂದು ಆಫರ್ ಹುಡುಕಿ. ನೇರವಾಗಿ ಹೆಸರು ಹೇಳಿದರೆ ಬನ್ನಿ. ಏನಂದರು ಅಂತ ನನಗೂ ಬರೆದು ತಿಳಿಸಿ, ಕಾಂಟ್ರ್ಯಾಕ್ಟ್‌ನಲ್ಲಿ ಆ ಮಾತು ಹೇಗೆ ಬರಬೇಕು ಅಂತ ಒಟ್ಟಿಗೆ ನೋಡೋಣ.