ವ್ಯಾಪಾರಿಗಳ ಸಂಘಕ್ಕೂ ಹೊಲಕ್ಕೂ ಏನು ನಂಟು?

ಪ್ರಶ್ನೆ: ಅಮೆರಿಕದ ಹಳ್ಳಿಗಾಡಿನ ಕೌಂಟಿಗಳಲ್ಲೂ (ನಮ್ಮ ಜಿಲ್ಲೆಗಳಿದ್ದಂತೆ) ಚೇಂಬರ್ ಆಫ್ ಕಾಮರ್ಸ್ ಇರುತ್ತದಂತೆ. ಅದು ಸರ್ಕಾರದ್ದಾ? ರೈತರಿಗೆ ಅದರಿಂದ ಏನು ಲಾಭ ಸಾರ್?
– ಓದುಗರೊಬ್ಬರು, ಹಾವೇರಿ

ಉತ್ತರ: ಸರ್ಕಾರದ್ದಲ್ಲ. ಅಂಗಡಿಯವರು, ಬ್ಯಾಂಕಿನವರು, ಸಣ್ಣ ಕಾರ್ಖಾನೆಯವರು ಚಂದಾ ಕಟ್ಟಿ ನಡೆಸುವ ಸಂಘ. ಸಾಲ ಗೀಲ ಕೊಡುವುದು ಅದರ ಕೆಲಸವಲ್ಲ.

ಲಾಭ ಕೇಳಿದಿರಲ್ಲ, ನ್ಯೂಯಾರ್ಕ್ ರಾಜ್ಯದ ಬ್ರೂಮ್ ಕೌಂಟಿಯ ಕಥೆ ಕೇಳಿ. 1911ರಲ್ಲಿ ಅಲ್ಲಿನ ಬಿಂಗ್‌ಹ್ಯಾಮ್ಟನ್ ಊರಿನ ಚೇಂಬರ್, ಲಾಕವಾನಾ ರೈಲ್ವೆ ಕಂಪನಿ ಮತ್ತು ಕೇಂದ್ರ ಕೃಷಿ ಇಲಾಖೆಯ ಜೊತೆ ಸೇರಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿದ ಜಾನ್ ಬ್ಯಾರನ್ ಎಂಬುವರನ್ನು ಹೊಲ ಹೊಲ ಸುತ್ತಿ ರೈತರಿಗೆ ಸಲಹೆ ಕೊಡಲಿ ಎಂದೇ ಸಂಬಳ ಕೊಟ್ಟು ನೇಮಿಸಿತು. ಚೇಂಬರಿನೊಳಗೇ ಅದಕ್ಕೊಂದು ವಿಭಾಗ, ಹೆಸರು ‘ಫಾರ್ಮ್ ಬ್ಯೂರೋ’. ಸುಮ್ನೆ ಧರ್ಮಕ್ಕೆ ಮಾಡಿದ್ದಲ್ಲ ಬಿಡಿ. ರೈತನ ಕೈಲಿ ಕಾಸಿದ್ದರೆ ತಾನೇ ಅಂಗಡಿಗೆ ಗಿರಾಕಿ, ರೈಲಿಗೆ ಸರಕು? ನನಗೆ ಈ ಲೆಕ್ಕಾಚಾರವೇ ಇಷ್ಟ, ಮುಚ್ಚುಮರೆ ಇಲ್ಲ.

1914ರಲ್ಲಿ ಸ್ಮಿತ್-ಲೀವರ್ ಕಾಯ್ದೆ ಬಂದು ಇಂಥ ಸಲಹೆಗಾರರಿಗೆ ದೇಶವಿಡೀ ಸರ್ಕಾರದ ಹಣ ಸಿಕ್ಕಿತು. ಫಾರ್ಮ್ ಬ್ಯೂರೋಗಳು ರೈತರ ಕೈಗೇ ಬಂದು, 1919ರಲ್ಲಿ ಶಿಕಾಗೋದಲ್ಲಿ ರಾಷ್ಟ್ರಮಟ್ಟದ ಒಕ್ಕೂಟವೂ ಹುಟ್ಟಿತು. ಆಮೇಲೆ ಅದು ಜಾಸ್ತಿ ದೊಡ್ಡ ರೈತರ ಪರವೇ ನಿಂತಿತು ಎಂಬ ದೂರೂ ಇದೆ.