ಸಹಿಗಳಿರುವ ಜಪಾನಿ ಬಾವುಟ ಅಸಲಿಯೇ?
ಹರಾಜಿಗೆ ಬಂದಿರುವ ಎರಡನೇ ಮಹಾಯುದ್ಧದ ಜಪಾನಿ ರೇಷ್ಮೆ ಬಾವುಟ ಅಸಲಿಯೇ ಅಂತ ಕೇಳಿದ್ದೀರಿ. ಮೊದಲು ಸಹಿಗಳನ್ನು ನೋಡಿ. ಯುದ್ಧಕ್ಕೆ ಹೊರಟ ಹುಡುಗನಿಗೆ ನೆಂಟರು, ನೆರೆಯವರು, ಗೆಳೆಯರು ಶಾಯಿಯಲ್ಲಿ ಹೆಸರು ಬರೆದುಕೊಟ್ಟ ಬಾವುಟ ಅದು. ಹಾಗಾಗಿ ಒಬ್ಬರ ಅಕ್ಷರ ದಪ್ಪ, ಇನ್ನೊಬ್ಬರದು ಸಣ್ಣ. ಶಾಯಿ ನೂಲಿನೊಳಗೆ ಇಳಿದಿರುತ್ತದೆ. ಎಲ್ಲವೂ ಒಂದೇ ಕೈಬರಹ ಅನ್ನಿಸಿದರೆ ಹುಷಾರಾಗಿರಿ.

ಕತ್ತಲಲ್ಲಿ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಹಾಕಿಸಿ. ರೇಷ್ಮೆ ತಾನಾಗೇ ಮಂದವಾಗಿ ಹೊಳೆಯುತ್ತದೆ. ಕಣ್ಣು ಕುಕ್ಕುವ ನೀಲಿ ಬಿಳಪು ಕಂಡರೆ ಅದು ಬಿಳುಪು ಹೆಚ್ಚಿಸುವ ರಾಸಾಯನಿಕದ್ದು, ಬಟ್ಟೆ ಯುದ್ಧದ ನಂತರದ್ದಿರಬಹುದು. ಆದರೆ ಈಗಿನ ಡಿಟರ್ಜೆಂಟಲ್ಲಿ ಒಗೆದಿದ್ದರೂ ಹಾಗೇ ಕಾಣುತ್ತದೆ, ಅದೊಂದನ್ನೇ ನಂಬಬೇಡಿ. ರಕ್ತದ ಕಲೆ ಇದೆ ಅಂತ ಜಾಸ್ತಿ ಬೆಲೆ ಹೇಳಿದರೆ ಸುಮ್ನೆ ಕೊಡಬೇಡಿ.

ಅಸಲಿ ಅನ್ನಿಸಿದರೆ ದಯವಿಟ್ಟು ಅಮೆರಿಕದ ಓಬಾನ್ ಸೊಸೈಟಿಯನ್ನು ಕೇಳಿ. ಇಂಥ ಬಾವುಟಗಳನ್ನು ಸೈನಿಕರ ಮನೆಯವರಿಗೆ ಮುಟ್ಟಿಸುವುದೇ ಅವರ ಕೆಲಸ.