ಅರೋರಾ ಟೈಮ್‌ಲ್ಯಾಪ್ಸ್‌ಗೆ 25 ಸೆಕೆಂಡಿನ ಶಟರ್ ಇಟ್ಟರೆ ಸಾಕಾ?

ನಿಮ್ಮ ಪ್ರಶ್ನೆ ಇಷ್ಟು: ಮಾರ್ಚ್‌ನಲ್ಲಿ ಸ್ವೀಡನ್ನಿನ ಅಬಿಸ್ಕೋಗೆ ಹೋಗುತ್ತಿದ್ದೀರಿ. ಕ್ರಾಪ್ ಸೆನ್ಸರಿನ ಮಿರರ್‌ಲೆಸ್ ಕ್ಯಾಮರಾ, 18-55ರ ಕಿಟ್ ಲೆನ್ಸ್, ಒಂದು ಟ್ರೈಪಾಡ್ ಇದೆ. ಶಟರ್ 25 ಸೆಕೆಂಡ್ ಇಟ್ಟು, 30 ಸೆಕೆಂಡಿಗೊಂದು ಫೋಟೋ ಅಂತ ಸೆಟ್ ಮಾಡಿ ಬಿಟ್ಟರೆ ಅರೋರಾದ (ಧ್ರುವಪ್ರದೇಶದ ರಾತ್ರಿ ಆಕಾಶದಲ್ಲಿ ಕುಣಿಯುವ ಬೆಳಕು) ಟೈಮ್‌ಲ್ಯಾಪ್ಸ್, ಅಂದರೆ ಫೋಟೋಗಳನ್ನು ಜೋಡಿಸಿ ಮಾಡುವ ವಿಡಿಯೋ, ಬರುತ್ತಾ?

ವಿಡಿಯೋ ಬರುತ್ತದೆ. ಆದರೆ ಅದರಲ್ಲಿ ಹಸಿರು ಮಂಜು ಅತ್ತಿತ್ತ ಜಾರುವುದು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ನಾನಿರುವುದು ಕಿರುನಾದಲ್ಲಿ, ಅಬಿಸ್ಕೋದಿಂದ ಸುಮಾರು 100 ಕಿಲೋಮೀಟರ್. ಚಳಿಗಾಲದಲ್ಲಿ ಆಕಾಶ ತಿಳಿಯಾಯಿತೆಂದರೆ ಟ್ರೈಪಾಡ್ ಹೊತ್ತು ಹೊರಡುವ ಚಾಳಿ ಇದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಲೆಕ್ಕ. ಸೆಕೆಂಡಿಗೆ 25 ಫ್ರೇಮ್ ಅಂತ ಹಿಡಿದರೆ 10 ಸೆಕೆಂಡಿನ ವಿಡಿಯೋಗೆ 250 ಫೋಟೋ ಬೇಕು. ಈಗ ಅರೋರಾ ಹೇಗೆ ನಡೆದುಕೊಳ್ಳುತ್ತದೆ ನೋಡಿ. ಸಂಜೆ ಉತ್ತರದ ಕಡೆ ಒಂದು ಮಸುಕಾದ ಕಮಾನು ಕಾಣುತ್ತದೆ. ಕೆಲವು ಸಲ ಗಂಟೆಗಟ್ಟಲೆ ಸುಮ್ನೆ ನಿಂತಿರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಅದರ ಕೆಳಗಿನ ಅಂಚು ಬೆಳಗುತ್ತದೆ, ಕಮಾನು ಒಡೆಯುತ್ತದೆ, ಬೆಳಕಿನ ಪರದೆಗಳು ತಲೆಯ ಮೇಲೆಲ್ಲ ಓಡಾಡಲು ಶುರು ಮಾಡುತ್ತವೆ. ಇದಕ್ಕೆ ಬ್ರೇಕಪ್ ಅನ್ನುತ್ತಾರೆ. ಜನ ಇಷ್ಟು ದೂರ ಬರುವುದೇ ಇದನ್ನು ನೋಡಲು. ಇದರ ಜೋರು ಬಹಳ ಸಲ ಹತ್ತು-ಹದಿನೈದು ನಿಮಿಷ, ಅಷ್ಟೇ. ನಿಮ್ಮ ಸೆಟ್ಟಿಂಗಿನಲ್ಲಿ ಆ 15 ನಿಮಿಷಕ್ಕೆ ಸಿಗುವುದು 30 ಫೋಟೋ. ವಿಡಿಯೋದಲ್ಲಿ ಅದು ಒಂದು ಸೆಕೆಂಡು ಚಿಲ್ಲರೆ! ಅದೇ 4 ಸೆಕೆಂಡಿಗೊಂದು ಫೋಟೋ ತೆಗೆದರೆ 225 ಫೋಟೋ, ಒಂಬತ್ತು ಸೆಕೆಂಡಿನ ವಿಡಿಯೋ.

ಶಟರಿನದು ಇನ್ನೊಂದು ಕಥೆ. ಅರೋರಾದ ಹಸಿರು ಬೆಳಕು ಬರುವುದು ಹೆಚ್ಚಾಗಿ 100ರಿಂದ 150 ಕಿಲೋಮೀಟರ್ ಎತ್ತರದ ಆಮ್ಲಜನಕದ ಪರಮಾಣುಗಳಿಂದ. ಮೇಲಿನಿಂದ ನುಗ್ಗಿ ಬರುವ ಎಲೆಕ್ಟ್ರಾನುಗಳ ಏಟು ತಿಂದ ಪರಮಾಣು ಆ ಬೆಳಕನ್ನು ಬಿಡಲು ಸರಾಸರಿ ಮುಕ್ಕಾಲು ಸೆಕೆಂಡು ತೆಗೆದುಕೊಳ್ಳುತ್ತದೆ. ಅಂದರೆ ಹಸಿರು ಪರದೆ ಸೆಕೆಂಡು ಸೆಕೆಂಡಿಗೂ ಜಾಗ, ಆಕಾರ ಬದಲಿಸಬಲ್ಲದು. 25 ಸೆಕೆಂಡು ಶಟರ್ ತೆರೆದಿಟ್ಟರೆ ಅಷ್ಟೂ ಓಡಾಟ ಒಂದೇ ಫ್ರೇಮಿನಲ್ಲಿ ಕಲಸಿಹೋಗುತ್ತದೆ, ತಿರುಗುವ ಫ್ಯಾನಿನ ರೆಕ್ಕೆಗಳ ಹಾಗೆ.

25 ಸೆಕೆಂಡಿನ ಸಲಹೆ ನಿಮಗೆ ಹಾಲುಹಾದಿಯ ಫೋಟೋಗ್ರಫಿಯಿಂದ ಬಂದಿರಬೇಕು. ಅಲ್ಲಿ ನಕ್ಷತ್ರ ಗೆರೆಯಾಗದಿದ್ದರೆ ಸಾಕು. ಕೆಂಪು ಅರೋರಾಕ್ಕೂ ಅದು ನಡೆಯುತ್ತದೆ. 2024ರ ಮೇ 10ರ ರಾತ್ರಿಯ ದೊಡ್ಡ ಸೌರ ಬಿರುಗಾಳಿಯಲ್ಲಿ ಲಡಾಖ್‌ನ ಹಾನ್ಲೆಯಿಂದಲೂ ಆಕಾಶ ಕೆಂಪಗೆ ಕಂಡಿತ್ತು, ನೆನಪಿದೆಯಲ್ವಾ? ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ವೀಕ್ಷಣಾಲಯದ ಕ್ಯಾಮರಾದಲ್ಲೂ ಅದು ಸಿಕ್ಕಿತ್ತು. ಆಮ್ಲಜನಕದ ಕೆಂಪು 200 ಕಿಲೋಮೀಟರಿಗಿಂತ ಮೇಲೆ ಹುಟ್ಟುತ್ತದೆ. ಅಲ್ಲಿ ಪರಮಾಣು ಬೆಳಕು ಬಿಡಲು ಹೆಚ್ಚುಕಮ್ಮಿ ಎರಡು ನಿಮಿಷ ಹಿಡಿಯುತ್ತದೆ. ಹಾಗಾಗಿ ಅದರ ಚಲನೆ ನಿಧಾನ, ಉದ್ದ ಶಟರ್ ಇಟ್ಟರೂ ನಷ್ಟ ಕಮ್ಮಿ. ಅಬಿಸ್ಕೋದಲ್ಲಿ ತಲೆಯ ಮೇಲೆ ಕುಣಿಯುವ ಹಸಿರಿಗೆ ಈ ಲೆಕ್ಕ ಹೊಂದುವುದಿಲ್ಲ.

ಹಾಗಾದರೆ ಎಷ್ಟಿಡಬೇಕು? ಶಟರ್ 3 ಸೆಕೆಂಡ್, ಇಂಟರ್ವಲ್ 4 ಸೆಕೆಂಡ್, ಐಎಸ್‌ಓ (ಬೆಳಕಿಗೆ ಕ್ಯಾಮರಾದ ಸೂಕ್ಷ್ಮತೆ) 3200, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು. ಇಲ್ಲಿಂದ ಶುರು ಮಾಡಿ. ಫೋಟೋದಲ್ಲಿ ಗ್ರೇನ್ ಕಾಣುತ್ತದೆ ಅಂತ ಹೆದರಬೇಡಿ. ವಿಡಿಯೋದಲ್ಲಿ ಫ್ರೇಮುಗಳು ಓಡುವಾಗ ಗ್ರೇನ್ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಕಲಸಿಹೋದ ಪರದೆಯನ್ನು ಮಾತ್ರ ಯಾವ ಸಾಫ್ಟ್‌ವೇರೂ ಬಿಡಿಸಿಕೊಡುವುದಿಲ್ಲ. ಬ್ರೇಕಪ್ ಆಗಿ ಬೆಳಕು ಜಾಸ್ತಿಯಾದಾಗ ಐಎಸ್‌ಓ 1600ಕ್ಕೆ ಇಳಿಸಿ. ಶಟರ್ ಮುಟ್ಟಬೇಡಿ, ಇಂಟರ್ವಲ್ ಅಂತೂ ಮುಟ್ಟಲೇಬೇಡಿ. ಐಎಸ್‌ಓ ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಬದಲಾದ ಜಾಗವನ್ನು ರಾ ಫೈಲಿನಲ್ಲಿ (ಕ್ಯಾಮರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್) ಸರಿ ಮಾಡಬಹುದು. ಇಂಟರ್ವಲ್ ಬದಲಾದರೆ ನಕ್ಷತ್ರಗಳ ವೇಗವೇ ಬದಲಾಗುತ್ತದೆ.

ಹಿಸ್ಟೋಗ್ರಾಮ್ (ಫೋಟೋದ ಬೆಳಕು-ಕತ್ತಲೆ ತೋರಿಸುವ ನಕ್ಷೆ) ನೋಡುವಾಗ ಹಸಿರು ಚಾನೆಲ್ ಬೇರೆಯಾಗಿ ನೋಡಿ. ಬೆಳಕು ಜಾಸ್ತಿಯಾಗಿ ಮೊದಲು ಸುಟ್ಟುಹೋಗುವುದು ಅದೇ. ಸ್ಕ್ರೀನಿನ ಹೊಳಪು ನಂಬಬೇಡಿ, ಕತ್ತಲಿಗೆ ಒಗ್ಗಿದ ಕಣ್ಣಿಗೆ ಎಲ್ಲವೂ ಝಗಝಗ ಕಾಣುತ್ತದೆ.

ಕಿಟ್ ಲೆನ್ಸಿನ ವಿಷಯಕ್ಕೆ ಬಂದರೆ, 18ರಲ್ಲಿ ಅದರ ಅಪರ್ಚರ್ ಎಫ್ 3.5. ಸಮ್ಯಾಂಗ್ 12 ಎಂಎಂ ಎಫ್ 2ರಂಥ ಲೆನ್ಸ್ ಅದರ ಮೂರರಷ್ಟು ಬೆಳಕು ಹಿಡಿಯುತ್ತದೆ, ಆಕಾಶವೂ ಜಾಸ್ತಿ ಸಿಗುತ್ತದೆ. ಬೆಂಗಳೂರಿನಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತವೆ. ದುಡ್ಡು ಖರ್ಚು ಮಾಡುವುದೇ ಆದರೆ ಇದಕ್ಕೆ ಮಾಡಿ. ಆಗದಿದ್ದರೆ ಕಿಟ್ ಲೆನ್ಸಿನಲ್ಲೇ ಐಎಸ್‌ಓ 6400 ಇಟ್ಟು ತೆಗೆಯಿರಿ, ತೊಂದರೆಯಿಲ್ಲ.

ಇನ್ನೊಂದು ಚಿಕ್ಕ ವಿಷಯ, ಯಾರೂ ಹೇಳುವುದಿಲ್ಲ. ಹೆಚ್ಚಿನ ಕ್ಯಾಮರಾಗಳಲ್ಲಿ ಇಂಟರ್ವಲ್ ಅಂದರೆ ಒಂದು ಫೋಟೋದ ಆರಂಭದಿಂದ ಮುಂದಿನದರ ಆರಂಭದವರೆಗಿನ ಸಮಯ. ನಡುವಿನ ಬಿಡುವಲ್ಲ. ಇನ್ನು ಕ್ಯಾಮರಾ 15 ಸೆಕೆಂಡ್ ಅಂತ ತೋರಿಸುವುದು ಸಾಮಾನ್ಯವಾಗಿ ನಿಜಕ್ಕೂ 16, ಮೂವತ್ತು ಅನ್ನುವುದು 32. ಮಸುಕಾದ ಕಮಾನಿಗೆ ಅಂತ 15ರ ಶಟರ್, 16ರ ಇಂಟರ್ವಲ್ ಇಟ್ಟರೆ ಒಂದು ಸೆಕೆಂಡ್ ಬಿಡುವಿದೆ ಅಂದುಕೊಳ್ಳುತ್ತೀರಿ. ಅಲ್ಲಿ ಬಿಡುವೇ ಇಲ್ಲ. ಕ್ಯಾಮರಾ ಒಂದು ಫೋಟೋ ತೆಗೆದು ಒಂದು ಬಿಡುತ್ತಾ ಹೋಗುತ್ತದೆ, ಬೆಳಿಗ್ಗೆ ನೋಡಿದರೆ ಅರ್ಧ ಫ್ರೇಮುಗಳೇ ಇರುವುದಿಲ್ಲ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಕೂಡ ಆಫ್ ಮಾಡಿ. ಅದು ಪ್ರತಿ ಫೋಟೋ ಆದಮೇಲೂ ಅಷ್ಟೇ ಹೊತ್ತು ಇನ್ನೊಂದು ಕಪ್ಪು ಫ್ರೇಮ್ ತೆಗೆಯುತ್ತದೆ. ವೈಟ್ ಬ್ಯಾಲೆನ್ಸ್ ಆಟೋ ಬೇಡ, 3800 ಕೆಲ್ವಿನ್ ಆಸುಪಾಸು ಒಂದೇ ಕಡೆ ನಿಲ್ಲಿಸಿ. ಲೆನ್ಸಿನ ಸ್ಟೆಬಿಲೈಸೇಶನ್ನೂ ಬಂದ್.

ಫೋಕಸ್ ಮಾತ್ರ ಅವಸರದಲ್ಲಿ ಮಾಡುವ ಕೆಲಸವಲ್ಲ. ಮ್ಯಾನುಯಲ್‌ಗೆ ಹಾಕಿ, ಹೊಳೆಯುವ ಒಂದು ನಕ್ಷತ್ರವನ್ನು ಸ್ಕ್ರೀನಿನ ನಡುವೆ ತಂದು ಪೂರ್ತಿ ಝೂಮ್ ಮಾಡಿ ನೋಡಿ. ರಿಂಗನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ಊದಿಕೊಂಡ ಚುಕ್ಕೆ ಸಣ್ಣಗಾಗುತ್ತಾ ಬಂದು ಮತ್ತೆ ಊದಿಕೊಳ್ಳಲು ಶುರುವಾಗುತ್ತದೆ. ತುಂಬ ಸಣ್ಣಗಿದ್ದ ಜಾಗಕ್ಕೆ ವಾಪಸ್ ತಂದು ಸೆಲ್ಲೋಟೇಪ್ ಸುತ್ತಿಬಿಡಿ. ಟೇಪನ್ನು ರೂಮಿನಲ್ಲೇ ತುಂಡು ಮಾಡಿ, ಟ್ರೈಪಾಡ್ ಕಾಲಿಗೆ ಅಂಟಿಸಿಕೊಂಡು ಹೋಗಿ. ಮೈನಸ್ 20ರಲ್ಲಿ ಗ್ಲೌಸ್ ತೆಗೆದು ಟೇಪಿನ ತುದಿ ಹುಡುಕುವ ಕಷ್ಟ ಯಾರಿಗೂ ಬೇಡ.

ಚಳಿಗೆ ಮೊದಲು ಕೈಕೊಡುವುದು ಬ್ಯಾಟರಿ. ಸ್ಪೇರ್ ಬ್ಯಾಟರಿಗಳು ಒಳಗಿನ ಜೇಬಿನಲ್ಲಿ, ಮೈಗೆ ತಾಗಿಕೊಂಡಿರಲಿ. ಕ್ಯಾಮರಾ ಯುಎಸ್‌ಬಿಯಿಂದ ನಡೆಯುವುದಾದರೆ ಪವರ್‌ಬ್ಯಾಂಕನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಟ್ರೈಪಾಡಿಗೆ ನೇತುಹಾಕಿ. ಬ್ಯಾಟರಿ ಹೋದರೆ ಕನಿಷ್ಠ ಗೊತ್ತಾಗುತ್ತದೆ. ಲೆನ್ಸಿನ ಮೇಲೆ ಕೂರುವ ಹಿಮದ ಪುಡಿ ಹಾಗಲ್ಲ. ಮೊದಲ ನೂರು ಫ್ರೇಮು ಚೆನ್ನಾಗಿರುತ್ತವೆ, ಆಮೇಲೆ ನಕ್ಷತ್ರಗಳ ಸುತ್ತ ಸಣ್ಣ ಪ್ರಭೆ, ಆಮೇಲೆ ಎಲ್ಲ ಮಸುಕು. ಅಲ್ಲಿ ನಿಂತವರಿಗೆ ಇದು ಕಾಣುವುದೇ ಇಲ್ಲ. ಲೆನ್ಸಿಗೆ ಸುತ್ತುವ ಹೀಟರ್ ಪಟ್ಟಿ ಸಿಗುತ್ತದೆ, ತೆಗೆದುಕೊಳ್ಳಿ. ಕ್ಯಾಮರಾದ ಮುಂದೆ ಬಗ್ಗಿ ಉಸಿರು ಬಿಡಬೇಡಿ. ಮುಗಿಸಿ ಒಳಗೆ ಬರುವ ಮೊದಲು ಕಾರ್ಡ್ ತೆಗೆದುಕೊಂಡು, ಕ್ಯಾಮರಾವನ್ನು ಹೊರಗೇ ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿದು, ಬೆಳಗಿನವರೆಗೂ ಬಿಚ್ಚದೆ ಬಿಡಿ. ಇಲ್ಲದಿದ್ದರೆ ಬೆಚ್ಚಗಿನ ರೂಮಿನ ತೇವವೆಲ್ಲ ಅದರ ಮೈಮೇಲೆ ನೀರಾಗುತ್ತದೆ.

ಕಾರ್ಡ್ 128 ಜಿಬಿಯದ್ದಿರಲಿ. 4 ಸೆಕೆಂಡಿಗೊಂದರಂತೆ ಗಂಟೆಗೆ 900 ಫೋಟೋ. ಒಂದು ರಾ ಫೈಲ್ 25 ಎಂಬಿ ಅಂದರೂ 22 ಜಿಬಿ ದಾಟುತ್ತದೆ.

ಜಾಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪಶ್ಚಿಮದ ಬೆಟ್ಟಗಳು ಮೋಡ ತಡೆಯುವುದರಿಂದ ಅಬಿಸ್ಕೋದ ಆಕಾಶ ಸುತ್ತಲಿನ ಊರುಗಳಿಗಿಂತ ಹೆಚ್ಚು ತಿಳಿ. ಟೋರ್ನೆಟ್ರೆಸ್ಕ್ ಸರೋವರದ ದಡದಲ್ಲಿ ನಿಂತರೆ ಉತ್ತರ ಪೂರ್ತಿ ಬಯಲು. ಅರ್ಧ ಚಂದ್ರ ಇದ್ದರೆ ಬೇಜಾರಾಗಬೇಡಿ, ಹಿಮ, ಬೆಟ್ಟ ಎಲ್ಲ ಬೆಳಗಿ ಫ್ರೇಮಿಗೆ ನೆಲ ಸಿಗುತ್ತದೆ. ಅರೋರಾ ಆ್ಯಪ್‌ನಲ್ಲಿ ಕೆಪಿ (ಭೂಮಿಯ ಕಾಂತಕ್ಷೇತ್ರದ ಕಲಕಾಟವನ್ನು 0ರಿಂದ 9ರವರೆಗೆ ಅಳೆಯುವ ಸೂಚ್ಯಂಕ) ಬರೀ 2 ಅಂತ ತೋರಿಸಿದರೂ ಹೊರಗೆ ಹೋಗಿ. ಈ ಊರು ಅರೋರಾ ವಲಯದ ಕೆಳಗೇ ಇದೆ. ನಾನು ಕೆಪಿಗಿಂತ ಬಿಝಡ್ ನೋಡುತ್ತೇನೆ. ಅದು ಸೌರ ಮಾರುತದ ಕಾಂತಕ್ಷೇತ್ರ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಅನ್ನುವ ಲೆಕ್ಕ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನಲ್ಲಿರುವ ಉಪಗ್ರಹಗಳು ಅದನ್ನು ಅಳೆದು ಕಳಿಸುತ್ತವೆ (ನಮ್ಮ ಆದಿತ್ಯ-ಎಲ್1 ಕೂಡ 2024ರ ಜನವರಿಯಿಂದ ಅಲ್ಲೇ ಇದೆ). ಬಿಝಡ್ ಮೈನಸ್‌ಗೆ, ಅಂದರೆ ದಕ್ಷಿಣಕ್ಕೆ, ಇಳಿದು ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಜಾಕೆಟ್ ಹಾಕಿಕೊಳ್ಳಿ.

ಕೊನೆಗೆ ಎಡಿಟಿಂಗ್. ಲೈಟ್‌ರೂಮಿನಲ್ಲಿ ಒಂದು ಫೋಟೋ ಸರಿ ಮಾಡಿ ಉಳಿದವಕ್ಕೆ ಸಿಂಕ್ ಮಾಡಿ, ಡಾವಿಂಚಿ ರಿಸಾಲ್ವ್‌ನಲ್ಲಿ ಜೋಡಿಸಿದರೆ ಮುಗಿಯಿತು. ಡಿಫ್ಲಿಕರ್ (ಫ್ರೇಮಿನಿಂದ ಫ್ರೇಮಿಗೆ ಬೆಳಕಿನ ಮಿನುಗಾಟ ಸಮ ಮಾಡುವ ಸೌಲಭ್ಯ) ಒತ್ತುವ ಮುಂಚೆ ಮಾತ್ರ ಯೋಚಿಸಿ. ಬ್ರೇಕಪ್ ಮುಗಿದ ಮೇಲೆ, ಮಧ್ಯರಾತ್ರಿ ಕಳೆದು, ಆಕಾಶದಲ್ಲಿ ಮಸುಕಾದ ತೇಪೆಗಳು ಕೆಲವು ಸೆಕೆಂಡಿಗೊಮ್ಮೆ ಹತ್ತಿ ಆರುತ್ತಿರುತ್ತವೆ. ಅದು ಮಿಡಿಯುವ ಅರೋರಾ. ವಿಡಿಯೋದಲ್ಲಿ ಕ್ಯಾಮರಾದ ದೋಷದ ಹಾಗೇ ಕಾಣುತ್ತದೆ, ಡಿಫ್ಲಿಕರ್ ಅದನ್ನು ಒರೆಸಿ ಹಾಕುತ್ತದೆ. ಎಲ್ಲವೂ ಮ್ಯಾನುಯಲ್‌ನಲ್ಲಿದ್ದು ಅಪರ್ಚರ್ ಪೂರ್ತಿ ತೆರೆದಿದ್ದರೆ ನಿಮಗೆ ಡಿಫ್ಲಿಕರ್ ಬೇಕಾಗುವುದೇ ಇಲ್ಲ.

ಕ್ಯಾಮರಾ ಯಾವ ಮಾಡೆಲ್ ಅಂತ ನೀವು ಬರೆದಿಲ್ಲ. ಹೇಳಿದರೆ ಇಂಟರ್ವಲ್ ಮೆನು ಅದರಲ್ಲೇ ಇದೆಯೋ ಅಥವಾ ಹೊರಗಿನ ರಿಮೋಟ್ ಕೊಳ್ಳಬೇಕೋ ನೋಡಿ ಹೇಳುತ್ತೇನೆ.